ಕೀಲು ಕೂರಿಸಿದರಷ್ಟೇ ಸಾಲದು

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಸುಬ್ರಹ್ಮಣ್ಯನ ದೇಗುಲಕ್ಕೆ ಹೆಸರಾದ, ಉತ್ತರ ಪಿನಾಕಿನಿ ದಡದ ಊರು. ಅಲ್ಲಿರುವ ನನ್ನ ದೊಡ್ಡಮ್ಮನಿಗೆ ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಮಂಡಿ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದರು. ಆದರೆ ಊರಿಗೆ ಮರಳಿದ ಮೇಲೆ ವ್ಯಾಯಾಮ ಹೇಳಿಕೊಡುವವರಾಗಲಿ, ಊತ ಬಂದರೆ ನೋಡುವವರಾಗಲಿ ಹತ್ತಿರದಲ್ಲಿ ಇರಲಿಲ್ಲ. 150 ಕಿ.ಮೀ.ಗೂ ಹೆಚ್ಚು ದೂರದ ಆಸ್ಪತ್ರೆಗೆ ಮತ್ತೆ ಹೋಗಲು ಬಸ್ ಚಾರ್ಜು ಬೇಕು, ಜೊತೆಗೆ ಬರುವವರು ಕೂಲಿ ಬಿಡಬೇಕು. ಆಕೆ ಹೋಗಲಿಲ್ಲ, ಆಸ್ಪತ್ರೆಯವರೂ ವಿಚಾರಿಸಲಿಲ್ಲ. ಆ ಮಂಡಿ ಇಂದಿಗೂ ಪೂರ್ತಿ ನೆಟ್ಟಗಾಗದು, ಸರಿಯಾಗಿ ಮಡಚಲೂ ಆಗದು. ಅದನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಸರ್ ಜಾನ್ ಚಾರ್ನ್ಲಿ.

ಚಾರ್ನ್ಲಿ ಹುಟ್ಟಿದ್ದು 1911ರಲ್ಲಿ, ಇಂಗ್ಲೆಂಡಿನ ಬರಿ ಎಂಬ ಪಟ್ಟಣದಲ್ಲಿ. ತಂದೆ ಔಷಧ ಅಂಗಡಿ ಇಟ್ಟುಕೊಂಡಿದ್ದವರು. ಮ್ಯಾಂಚೆಸ್ಟರ್‌ನಲ್ಲಿ ವೈದ್ಯ ಪದವಿ ಪಡೆದ ಚಾರ್ನ್ಲಿ, ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ದುಡಿದರು. ಸೊಂಟದ ಕೃತಕ ಕೀಲು ಕಿರುಗುಟ್ಟುತ್ತಿದ್ದ ರೋಗಿಯೊಬ್ಬನನ್ನು ಕಂಡ ಮೇಲೆ, ಕೀಲಿನ ಮುಖ್ಯ ಶತ್ರು ಘರ್ಷಣೆಯೆಂಬುದು ಅವರಿಗೆ ಹೊಳೆಯಿತು. ಹಿಂದೆ ಕ್ಷಯರೋಗಿಗಳಿಗೆ ಮೀಸಲಾಗಿದ್ದ ರೈಟಿಂಗ್ಟನ್ ಆಸ್ಪತ್ರೆಯೇ ಅವರ ಪ್ರಯೋಗಶಾಲೆಯಾಯಿತು. ಉಕ್ಕಿನ ಪುಟ್ಟ ಗುಂಡು, ಅದು ತಿರುಗಲು ಪ್ಲಾಸ್ಟಿಕ್ ಬಟ್ಟಲು, ಎರಡನ್ನೂ ಮೂಳೆಗೆ ಹಿಡಿದಿಡಲು ದಂತವೈದ್ಯರು ಬಳಸುತ್ತಿದ್ದ ಅಕ್ರಿಲಿಕ್ ಅಂಟು: ಇದು ಅವರ ರಚನೆ.

ಮೊದಲು ಬಟ್ಟಲಿಗೆ ಆರಿಸಿಕೊಂಡದ್ದು ಟೆಫ್ಲಾನ್. ಸುಮಾರು 300 ರೋಗಿಗಳು ನೋವಿಲ್ಲದೆ ನಡೆದರು. ಆದರೆ ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಅಂಗಾಂಶವನ್ನು ಕೆಡಿಸಿತು. ಚಾರ್ನ್ಲಿ ಸೋಲನ್ನು ಮುಚ್ಚಿಡಲಿಲ್ಲ. ಟೆಫ್ಲಾನಿನ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ಪರಿಣಾಮವನ್ನು ಪರೀಕ್ಷಿಸಿದರು. ಕೆಟ್ಟ ಕೀಲುಗಳ ಮರುಶಸ್ತ್ರಚಿಕಿತ್ಸೆಗೆ ತಾವೇ ನಿಂತರು. 1962ರ ನವೆಂಬರ್‌ನಲ್ಲಿ ಪಾಲಿಥಿಲೀನ್ ಬಟ್ಟಲು ಬಂತು. ಅದು ಗೆದ್ದ ಸೂಚನೆ ಕಂಡರೂ ಅವರು ಅವಸರಪಡಲಿಲ್ಲ. ರೈಟಿಂಗ್ಟನ್‌ಗೆ ಬಂದು ಕಲಿಯದ ವೈದ್ಯರಿಗೆ ವರ್ಷಗಳ ಕಾಲ ಆ ಕೀಲನ್ನು ಕೊಡಿಸಲಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿಯನ್ನು ಸೋಸಿ, ವೈದ್ಯರ ಉಡುಪನ್ನೂ ಬದಲಿಸಿ, ಶೇ 7ರಷ್ಟಿದ್ದ ಸೋಂಕನ್ನು ಶೇ 1ಕ್ಕಿಂತ ಕೆಳಗಿಳಿಸಿದರು. ರೋಗಿಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕರೆಸಿ ನೋಡಿದರು. ಮರಣಾನಂತರ ಕೀಲನ್ನು ಪರೀಕ್ಷೆಗೆ ಬಿಟ್ಟುಕೊಡುವಂತೆಯೂ ಅವರನ್ನು ಕೇಳಿಕೊಂಡರು. 1977ರಲ್ಲಿ ಸರ್ ಪದವಿ ಪಡೆದ ಅವರು 1982ರಲ್ಲಿ ತೀರಿಕೊಂಡರು.

ಗುಂಡು, ಬಟ್ಟಲು ನಮ್ಮ ದೇಶಕ್ಕೂ ಬಂದವು. ಅವುಗಳ ಸುತ್ತ ಚಾರ್ನ್ಲಿ ಕಟ್ಟಿದ ಆರೈಕೆಯ ಶಿಸ್ತು ಮಾತ್ರ ಹಳ್ಳಿಯವರೆಗೆ ತಲುಪಲಿಲ್ಲ. 2010ರಲ್ಲಿ ಬಹುರಾಷ್ಟ್ರೀಯ ಕಂಪನಿಯೊಂದು ತನ್ನ ದೋಷಯುಕ್ತ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂಪಡೆದಾಗ, ಅದನ್ನು ಹಾಕಿಸಿಕೊಂಡಿದ್ದ ಭಾರತೀಯರಲ್ಲಿ ಬಹುಪಾಲು ಮಂದಿ ಎಲ್ಲಿದ್ದಾರೆಂಬುದೇ ಗೊತ್ತಾಗಲಿಲ್ಲ. ಸ್ವೀಡನ್ 1975ರಲ್ಲಿಯೇ ಮಂಡಿ ಕೀಲುಗಳ ರಾಷ್ಟ್ರೀಯ ದಾಖಲಾತಿ ಆರಂಭಿಸಿತ್ತು. ನಮ್ಮಲ್ಲಿ 2017ರಲ್ಲಿ ಕೇಂದ್ರ ಸರ್ಕಾರ ಮಂಡಿ ಕೀಲಿನ ಬೆಲೆಗೆ ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ಬೆಲೆ ಇಳಿದ ಮಾತ್ರಕ್ಕೆ ಆರೈಕೆ ದೊರೆಯುವುದಿಲ್ಲ.

ಪಾವಗಡ ಮಳೆ ಕಡಿಮೆಯ ಸೀಮೆ. ಫ್ಲೋರೈಡ್ ಬೆರೆತ ಕೊಳವೆಬಾವಿ ನೀರು ಕುಡಿದು ಕೀಲು ಬಿಗಿದುಕೊಂಡವರನ್ನು ಕಂಡ ತಾಲ್ಲೂಕು. ನೆಲದ ಮೇಲೆ ಕೂತು ಉಣ್ಣುವ, ಕುಕ್ಕರಗಾಲಲ್ಲಿ ಕಳೆ ಕೀಳುವ ಇಲ್ಲಿನ ಜನರಿಗೆ ಹೊಸ ಕೀಲಿನೊಡನೆ ಬದುಕುವ ಬಗೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ಅವರದೇ ಮಾತಿನಲ್ಲಿ ತಿಳಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ನುರಿತ ಫಿಸಿಯೋಥೆರಪಿಸ್ಟ್ ಸಿಗಬೇಕು. ಯಾವ ಕೀಲು, ಯಾರಿಗೆ, ಯಾವಾಗ ಎಂಬ ದಾಖಲೆ ಇರಬೇಕು. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಗಾಯ ನೋಡಿ, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಫೋನಿನಲ್ಲಿ ತಿಳಿಸುವ ಏರ್ಪಾಡಾಗಬೇಕು. ಇವು ಯಾವುವೂ ಕೀಲಿನಷ್ಟು ದುಬಾರಿಯಲ್ಲ. ಚಾರ್ನ್ಲಿ ತಮ್ಮ ರೋಗಿಗಳನ್ನು ಸಾಯುವವರೆಗೂ ತಮ್ಮ ಹೊಣೆಯೆಂದೇ ನೋಡಿದವರು. ನಾಗಲಮಡಿಕೆಯ ಮುದುಕಿಯ ಹೊಣೆ, ಆಕೆ ಊರಿನ ಬಸ್ಸು ಹತ್ತಿದೊಡನೆ ಮುಗಿಯಿತೆಂದು ನಾವು ತಿಳಿಯುವುದು ಸರಿಯೇ?