ಸರ್ ಥಾಮಸ್ ಮನ್ರೋ ಮತ್ತು ಬಳ್ಳಾರಿ ಸೀಮೆಯ ಶಾಲೆಗಳು

ಬಳ್ಳಾರಿ ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯಹೊರಟವರು ಸರ್ ಥಾಮಸ್ ಮನ್ರೋ ಅವರನ್ನು ಸ್ಮರಿಸದೆ ಮುಂದೆ ಸಾಗಲಾರರು. ಕ್ರಿ.ಶ. 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವರ್ತಕ ಮನೆತನದಲ್ಲಿ ಜನಿಸಿದ ಇವರು, ತಂದೆಯ ವ್ಯಾಪಾರವು ನೆಲಕಚ್ಚಿದ ಮೇಲೆ, 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಮದರಾಸಿಗೆ ಬಂದರು. ಬಾರಾಮಹಲ್ ಮತ್ತು ಕೆನರಾ ಸೀಮೆಗಳಲ್ಲಿ ಕಂದಾಯದ ಕಾರ್ಯವನ್ನು ನಿರ್ವಹಿಸಿ, 1800ರಲ್ಲಿ ನಿಜಾಮರಿಂದ ಕಂಪನಿಗೆ ಬಂದ ದತ್ತಮಂಡಲಕ್ಕೆ ಮುಖ್ಯ ಕಲೆಕ್ಟರರಾದರು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳು ಆ ಮಂಡಲದೊಳಗಿನವೇ. 1807ರವರೆಗೆ ಊರೂರು ಸಂಚರಿಸಿ ರಯತರ ಸ್ಥಿತಿಗತಿಗಳನ್ನು ಕಣ್ಣಾರೆ ಕಂಡರು.

1820ರಲ್ಲಿ ಮದರಾಸಿನ ಗವರ್ನರರಾದ ಮನ್ರೋ, 1822ರ ಜೂನ್ 25ರಂದು ಎಲ್ಲ ಕಲೆಕ್ಟರರಿಂದಲೂ ಶಾಲೆಗಳ ಲೆಕ್ಕವನ್ನು ಕೇಳಿದರು. ಶಾಲೆಗಳೆಷ್ಟು, ಮಕ್ಕಳೆಷ್ಟು ಎಂಬುದಷ್ಟೇ ಅಲ್ಲ. ಓದುವ ಗ್ರಂಥಗಳಾವುವು, ಕೊಡುವ ಶುಲ್ಕವೆಷ್ಟು ಎಂಬುದೂ ಅವರಿಗೆ ಬೇಕಾಗಿತ್ತು. ಬಂದ ಉತ್ತರಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿಯು ಅತ್ಯಂತ ಪ್ರಸಿದ್ಧವಾದುದು.

ಅದರಂತೆ ಜಿಲ್ಲೆಯಲ್ಲಿ 9,27,857 ಜನರಿಗೆ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಬಾಲಕಿಯರು ಕೇವಲ 60. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದಲೂ, ಅನಂತರ ಓಲೆಗರಿಯ ಮೇಲೆ ಕಂಠದಿಂದಲೂ, ಕಡತದ ಮೇಲೆ ಬಳಪದಿಂದಲೂ ಬರೆಯುತ್ತಿದ್ದರು. ಮುಂದುವರಿದ ಮಕ್ಕಳು ಹಿಂದಿನವರಿಗೆ ಹೇಳಿಕೊಡುತ್ತ ತಮ್ಮ ಪಾಠವನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು; ಇಂಗ್ಲೆಂಡಿನವರೂ ಅನುಸರಿಸತಕ್ಕ ಕ್ರಮವಿದೆಂದು ಕ್ಯಾಂಬೆಲ್ ಮೆಚ್ಚಿದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ಅಲ್ಲಿಂದ ಮುಂದಿನವರಿಗೆ ಒಂದೊಂದು ಹೆಚ್ಚು. ಅಂದಿನ ಶಾಲೆಯ ಅಂಕಪಟ್ಟಿ ಇದೇ!

ಆದರೆ ಆ ಪಟ್ಟಿಯು ಅಳೆದುದು ಹೊತ್ತನ್ನು, ಅರಿವನ್ನಲ್ಲ. ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣಗಳಂಥ ಮಹಾಕೃತಿಗಳು ಆ ಶಾಲೆಗಳ ಪಾಠಗಳಾಗಿದ್ದವು. ಕಾವ್ಯದ ಭಾಷೆಯೋ ಮನೆಮಾತಿಗಿಂತ ಬೇರೆ. ಮಕ್ಕಳು ನೂರಾರು ಪದ್ಯಗಳನ್ನು ತಡವರಿಸದೆ ಒಪ್ಪಿಸುತ್ತಿದ್ದರೂ ಅವುಗಳ ಅರ್ಥ ಅವರಿಗೆ ತಿಳಿದಿರಲಿಲ್ಲ. ಈ ನ್ಯೂನತೆಯನ್ನು ಕ್ಯಾಂಬೆಲ್ ಮರೆಮಾಚಲಿಲ್ಲ. ಬಡತನದಿಂದ ತಾಯ್ತಂದೆಗಳು ಶುಲ್ಕ ಕೊಡಲಾರದವರಾದುದನ್ನೂ, 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ಆಶ್ರಯವಿಲ್ಲದುದನ್ನೂ ನಾಚಿಕೆಯಿಂದಲೇ ಬರೆದರು. ಕಂಪನಿಯ ಅಧಿಕಾರಿಯೇ ಕಂಪನಿಯ ಆಡಳಿತದ ಮೇಲೆ ಹೊರಿಸಿದ ದೋಷವಿದು.

ಮನ್ರೋ ಆ ಮಾತನ್ನು ಕಡೆಗಣಿಸಲಿಲ್ಲ. 1826ರ ಮಾರ್ಚ್ 10ರಂದು ತಮ್ಮ ನಿರ್ಣಯವನ್ನು ಬರೆದರು. ಮಾಸಕ್ಕೆ ಆರೇಳು ರೂಪಾಯಿಗಳ ಗಳಿಕೆಗೆ ಯೋಗ್ಯರಾದ ಉಪಾಧ್ಯಾಯರು ದೊರೆಯಲಾರರೆಂಬುದು ಅವರ ನಿಲುವು. ಆದುದರಿಂದ ಜಿಲ್ಲಾಶಾಲೆಯ ಉಪಾಧ್ಯಾಯರಿಗೆ 15, ತಹಸೀಲು ಶಾಲೆಯವರಿಗೆ 9 ರೂಪಾಯಿಗಳ ಮಾಸಿಕ ವೇತನವನ್ನು ಸರ್ಕಾರವೇ ಕೊಡಬೇಕೆಂದು ಸೂಚಿಸಿದರು. ಕಲಿಕೆಯ ಮಟ್ಟವು ಕಲಿಸುವವರ ಮಟ್ಟವನ್ನು ಮೀರಲಾರದೆಂಬ ತತ್ತ್ವವು ಆ ಲೆಕ್ಕದೊಳಗೆ ಅಡಗಿದೆ.

ಯೋಜನೆಯ ಫಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಸ್ವದೇಶಕ್ಕೆ ಮರಳುವ ಮುನ್ನ ದತ್ತಮಂಡಲವನ್ನು ಮತ್ತೊಮ್ಮೆ ಕಾಣಬಂದವರು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಗೆ ತುತ್ತಾದರು. ಅವರ ಶಾಲೆಗಳೂ 1836ರಲ್ಲಿ ಮುಚ್ಚಿಹೋದವು.

ಅವರು ಬಿಟ್ಟುಹೋದ ಪ್ರಶ್ನೆ ಮಾತ್ರ ಮುಚ್ಚಿಹೋಗಿಲ್ಲ. ಉಪಾಧ್ಯಾಯ ಬಂಧುಗಳು ಓದಿದ ಪದ್ಯದ ಅರ್ಥವನ್ನು ಮಗುವಿನ ಮಾತಿನಲ್ಲಿಯೇ ಹೇಳಿಸಿ, ಆಮೇಲೆ ಅಂಕವಿಡಲಿ. ದಾನಿಗಳಾದ ಮಹನೀಯರು ಕಟ್ಟಡದ ಕಲ್ಲಿಗೆ ಕೊಟ್ಟಂತೆಯೇ ಕಲಿಸುವವರ ಜೀವನಕ್ಕೂ ಕೊಡಲಿ. ಆಗ ಮನ್ರೋ ಕೇಳಿದ ಲೆಕ್ಕಕ್ಕೆ ಬಳ್ಳಾರಿ ಸೀಮೆಯು ತಕ್ಕ ಉತ್ತರವನ್ನು ಕೊಟ್ಟಂತಾದೀತು.