ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಮತ್ತು ಕೋಟೆಯ ಮದ್ದಿನ ಮನೆ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಕರಾವಳಿ ಯಾತ್ರೆಗೆ ಹೋಗುವ ನಮ್ಮ ಕುಟುಂಬಗಳು ಮೂಡುಬಿದಿರೆ, ಕಾರ್ಕಳದ ದರ್ಶನ ಮಾಡಿ ಹಿಂತಿರುಗುವುದೇ ಹೆಚ್ಚು. ಇನ್ನೂ ಉತ್ತರಕ್ಕೆ ಹೋದರೆ ಶರಾವತಿ ದಡದಲ್ಲಿ ಗೇರುಸೊಪ್ಪೆಯ ಚತುರ್ಮುಖ ಬಸದಿ, ಕುಮಟಾ ಹತ್ತಿರ ಮಿರ್ಜಾನ್ ಕೋಟೆ ಸಿಗುತ್ತವೆ. ಈ ನಾಡನ್ನು ಆಳಿದವರು ಜೈನ ರಾಣಿ ಚೆನ್ನಭೈರಾದೇವಿ.

ಸಾಳುವ ಮನೆತನದ ಈ ರಾಣಿ ವಿಜಯನಗರದ ಅಧೀನದಲ್ಲಿ 1552ರಲ್ಲಿ ಪಟ್ಟಕ್ಕೆ ಬಂದು 1606ರವರೆಗೆ, ಅಂದರೆ 54 ವರ್ಷ ರಾಜ್ಯವಾಳಿದರು. ಘಟ್ಟದ ಕಾಳುಮೆಣಸು ಇವರ ಬಂದರುಗಳಿಂದ ಹಡಗೇರಿ ವಿದೇಶಕ್ಕೆ ಹೋಗುತ್ತಿತ್ತು. ಪೋರ್ಚುಗೀಸರು ಇವರನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ತಾವು ಜಿನಭಕ್ತರಾಗಿದ್ದರೂ ಶೈವ, ವೈಷ್ಣವ ದೇವಾಲಯಗಳಿಗೂ ಆಶ್ರಯ ಕೊಟ್ಟರು.

1565ರಲ್ಲಿ ವಿಜಯನಗರ ಸೋತ ಮೇಲೆ ಬೆನ್ನಿಗೆ ನಿಲ್ಲುವವರು ಇಲ್ಲವಾದರು. 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆ ಹಿಡಿದರು. ಫಿರಂಗಿ ಹಡಗುಗಳು ಎದುರು ನಿಂತಾಗ ಬರೀ ಕತ್ತಿ, ಈಟಿಯಿಂದ ರಾಜ್ಯ ಉಳಿಯುವಂತಿರಲಿಲ್ಲ.

ಮಿರ್ಜಾನ್ ಕೋಟೆಯಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಫಿರಂಗಿ ಗುಂಡು ಸಿಕ್ಕಿದೆ. ಫಿರಂಗಿ ಇದ್ದಲ್ಲಿ ಮದ್ದು ಇರಲೇಬೇಕು. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಈ ಮದ್ದಿಗೆ ನೀರು, ಕಿಡಿ ಎರಡೂ ಶತ್ರು. ಪೆಟ್ಲುಪ್ಪು ತೇವ ಹಿಡಿದರೆ ಮದ್ದು ಹೊತ್ತುವುದಿಲ್ಲ. ಕಿಡಿ ತಾಗಿದರೆ ಸುತ್ತಲಿನವರು ಉಳಿಯುವುದಿಲ್ಲ. ಮೂರು ನಾಲ್ಕು ತಿಂಗಳು ಮಳೆ ಹೊಯ್ಯುವ ಕರಾವಳಿಯಲ್ಲಿ, ನೀರು ಹೀರುವ ಜಂಬಿಟ್ಟಿಗೆ ಕಲ್ಲಿನ ಗೋಡೆಗಳ ನಡುವೆ ಇದನ್ನು ಕಾಪಾಡುವುದು ಸಣ್ಣ ಕೆಲಸವಲ್ಲ. ಅದಕ್ಕೇ ಮದ್ದಿನ ಮನೆಯನ್ನು ಜನ ವಾಸಿಸುವ ಜಾಗದಿಂದ ದೂರ ಕಟ್ಟುವುದು, ಗೋಡೆ ದಪ್ಪ ಇಡುವುದು, ನೆಲದಿಂದ ಎತ್ತರಿಸಿ ಇಡುವುದು, ದೀಪ ಮತ್ತು ಕಬ್ಬಿಣದ ಸಲಕರಣೆ ಒಳಗೆ ಬಿಡದಿರುವುದು ರೂಢಿಗೆ ಬಂದವು. ವ್ಯಾಪಾರಸ್ಥರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಳುಮೆಣಸನ್ನೂ ಚೆನ್ನಾಗಿ ಒಣಗಿಸಿ, ಮೂಟೆಯ ಕೆಳಗೆ ಹಲಗೆ ಹಾಕದಿದ್ದರೆ ಬೂಷ್ಟು ಬರುತ್ತದೆ.

ಅಹಿಂಸೆಯೇ ಪರಮ ಧರ್ಮ ಎನ್ನುವ ಜೈನ ರಾಣಿಗೆ ಮದ್ದು ಗುಂಡು ಏಕೆ ಎಂದು ಮಕ್ಕಳು ಕೇಳಬಹುದು. ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಶ್ರಾವಕರು ಪೂರ್ಣ ಬಿಡಬೇಕು. ಮೇಲೆ ಬಿದ್ದವರಿಂದ ಪ್ರಜೆಗಳನ್ನು ಕಾಯುವಾಗ ಆಗುವುದು ವಿರೋಧಿ ಹಿಂಸೆ. ಅದು ಗೃಹಸ್ಥರಿಗೆ, ಅದರಲ್ಲೂ ಅರಸರಿಗೆ, ತಪ್ಪಿದ್ದಲ್ಲ. ಆದರೆ ಅಜಾಗ್ರತೆಯಿಂದ ಜೀವ ಹೋದರೆ ಅದಕ್ಕೆ ಈ ಮಾತು ನೆಪವಾಗದು. ಮದ್ದನ್ನು ಎಚ್ಚರದಿಂದ ಇಡುವುದೂ ಜೀವದಯೆಯೇ.

1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಬಿಳಗಿ ಅರಸರೊಡನೆ ಸೇರಿ ಗೇರುಸೊಪ್ಪೆ ಗೆದ್ದ. ವೃದ್ಧೆಯಾದ ರಾಣಿ ಸೆರೆಯಾಗಿ ಕೆಳದಿಯಲ್ಲೇ ಕೊನೆಯುಸಿರೆಳೆದರು.

2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಪಟಾಕಿಯ ಒಳಗಿರುವುದೂ ಮದ್ದೇ. ದೀಪಾವಳಿ ನಮಗೆ ಭಗವಾನ್ ಮಹಾವೀರರ ನಿರ್ವಾಣದ ದಿನ. ಅಂದು ಹಣತೆ ಸಾಕು, ಪಟಾಕಿ ಬೇಡ. ಮಾರುವವರು ಅಕ್ಕಪಕ್ಕದಲ್ಲಿದ್ದರೆ ಸರಕನ್ನು ಮನೆಗಳಿಂದ ದೂರವಿಡಲು ಹೇಳೋಣ. ಮುಂದಿನ ಯಾತ್ರೆಯಲ್ಲಿ ಮಕ್ಕಳಿಗೆ ಮಿರ್ಜಾನ್ ಕೋಟೆಯನ್ನೂ ತೋರಿಸೋಣ.