ನೋಡುವ ಬಣ್ಣವೇ ಮದ್ದಾದಾಗ: ಪಾಲ್ ಎರ್ಲಿಕ್ ಮತ್ತು ಕ್ಯಾನ್ಸರ್‌ನ ನ್ಯಾನೋ ಕಣಗಳು

ಕ್ಯಾನ್ಸರ್ ಇರಬಹುದು ಎಂಬ ಸಂಶಯ ಬಂದ ಮನೆಯವರಿಗೆ ಎರಡು ಬಗೆಯ ಓಡಾಟ ಇದ್ದದ್ದೇ. ಒಂದು ನೋಡುವುದಕ್ಕೆ: ಸ್ಕ್ಯಾನ್, ಬಯಾಪ್ಸಿ, ಮತ್ತೆ ಸ್ಕ್ಯಾನ್. ಇನ್ನೊಂದು ವಾಸಿ ಮಾಡುವುದಕ್ಕೆ: ಆಪರೇಶನ್, ಕಿಮೋ, ರೇಡಿಯೇಶನ್. ತಿಕೋಟಾ, ಬಬಲೇಶ್ವರದ ಕಡೆಯವರು ಇದಕ್ಕಾಗಿ ವಿಜಯಪುರಕ್ಕೆ ಬರುತ್ತಾರೆ. ಕೆಲವರು ಅಲ್ಲಿಂದ ಸೋಲಾಪುರಕ್ಕೆ, ಹುಬ್ಬಳ್ಳಿಗೆ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೂ ಹೋಗುತ್ತಾರೆ.

ಗಡ್ಡೆ ಎಲ್ಲಿದೆ ಎಂದು ತೋರಿಸುವ ಕೆಲಸವನ್ನೂ ಅದನ್ನು ಕೊಲ್ಲುವ ಕೆಲಸವನ್ನೂ ಒಂದೇ ಕಣ ಮಾಡಿದರೆ ಹೇಗೆ? ನ್ಯಾನೋ ಕಣಗಳ ಸಂಶೋಧಕರು ಬೆನ್ನು ಹತ್ತಿರುವುದು ಇದನ್ನೇ. ಈ ವಿದ್ಯೆಗೆ ಥೆರಾನಾಸ್ಟಿಕ್ಸ್ ಎಂದು ಹೆಸರು. ಹೆಸರು ಹೊಸದು, ಯೋಚನೆ ಹಳೆಯದು. ಆ ಯೋಚನೆಯ ಬೇರು ಹುಡುಕುತ್ತ ಹೋದರೆ ನಾವು ತಲುಪುವುದು ಪಾಲ್ ಎರ್ಲಿಕ್ ಎಂಬ ಜರ್ಮನ್ ವೈದ್ಯರ ಬಳಿಗೆ.

ಬಣ್ಣದ ಹುಚ್ಚು

ಎರ್ಲಿಕ್ ಹುಟ್ಟಿದ್ದು 1854ರ ಮಾರ್ಚ್ 14ರಂದು, ಇಂದು ಪೋಲೆಂಡ್‌ನಲ್ಲಿರುವ ಸ್ಟ್ರೇಲನ್ ಎಂಬ ಸಣ್ಣ ಊರಿನಲ್ಲಿ. ಅವರು ಬೆಳೆಯುವ ಹೊತ್ತಿಗೆ ಯುರೋಪಿನ ಕಾರ್ಖಾನೆಗಳು ಕಲ್ಲಿದ್ದಲ ಡಾಂಬರಿನಿಂದ ಬಟ್ಟೆಯ ಬಣ್ಣ ತಯಾರಿಸಲು ಶುರು ಮಾಡಿದ್ದವು. ತಾಯಿಯ ಕಡೆಯ ಸಂಬಂಧಿ ಕಾರ್ಲ್ ವೈಗರ್ಟ್ ಆ ಬಣ್ಣಗಳನ್ನು ದೇಹದ ಅಂಗಾಂಶಗಳಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಹುಡುಗನಿಗೂ ಆ ಹುಚ್ಚು ಹಿಡಿಯಿತು. 1878ರಲ್ಲಿ ಎರ್ಲಿಕ್ ಬರೆದ ವೈದ್ಯಕೀಯ ಪ್ರಬಂಧದ ವಿಷಯವೂ ಬಣ್ಣವೇ.

ಒಂದು ಬಣ್ಣ ಒಂದು ಬಗೆಯ ಜೀವಕೋಶಕ್ಕೆ ಅಂಟುತ್ತದೆ, ಪಕ್ಕದ ಕೋಶವನ್ನು ಮುಟ್ಟುವುದಿಲ್ಲ. ಹೀಗೇಕೆ ಎಂಬ ಪ್ರಶ್ನೆ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಈ ಗುಣವನ್ನೇ ಬಳಸಿ ಅವರು ರಕ್ತದ ಬಿಳಿ ಕಣಗಳನ್ನು ಬಗೆಬಗೆಯಾಗಿ ವಿಂಗಡಿಸಿದರು. ಇಂದು ರಕ್ತ ಪರೀಕ್ಷೆಯ ವರದಿಯಲ್ಲಿ ಕಾಣುವ ಇಯೋಸಿನೋಫಿಲ್ ಎಂಬ ಹೆಸರು ಅವರು ಕೊಟ್ಟದ್ದು.

1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿದಾಗ ಎರ್ಲಿಕ್ ಆ ಸಭೆಯಲ್ಲಿದ್ದರು. ಸ್ವಲ್ಪ ದಿನಗಳಲ್ಲೇ ಆ ರೋಗಾಣುವಿಗೆ ಬಣ್ಣ ಹಚ್ಚುವ ಇನ್ನೂ ಒಳ್ಳೆಯ ವಿಧಾನ ಕಂಡುಕೊಂಡರು. ಇಂದಿಗೂ ಕಫ ಪರೀಕ್ಷೆಯಲ್ಲಿ ಬಳಸುವ ವಿಧಾನ ಅದರಿಂದಲೇ ಬೆಳೆದದ್ದು. ಮುಂದೆ ಅವರಿಗೇ ಕ್ಷಯ ತಗುಲಿತು. 1888ರಲ್ಲಿ ಹೆಂಡತಿ ಹೆಡ್ವಿಗ್ ಜೊತೆ ಒಣಹವೆಯ ಈಜಿಪ್ಟ್‌ಗೆ ಹೋಗಿ, ಚೇತರಿಸಿಕೊಂಡು ಮರಳಿದರು.

ಅಂಟುವುದು ಕೊಲ್ಲಲೂಬಹುದೇ?

ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಮಲೇರಿಯಾದ ಪರಾವಲಂಬಿಗೆ ಚೆನ್ನಾಗಿ ಹಿಡಿಯುತ್ತದೆ. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರುವುದನ್ನು ನಾವೆಲ್ಲ ನೋಡಿದ್ದೇವೆ. ಆ ಪಟ್ಟಿಗೆ ಹಾಕುವ ಬಣ್ಣಗಳಲ್ಲಿ ಈಗಲೂ ಈ ನೀಲಿ ಇರುತ್ತದೆ.

ಎರ್ಲಿಕ್ ಒಂದು ಹೆಜ್ಜೆ ಮುಂದೆ ಯೋಚಿಸಿದರು. ಬಣ್ಣ ರೋಗಾಣುವಿಗೆ ಮಾತ್ರ ಅಂಟುವುದಾದರೆ ಅದಕ್ಕೆ ಮಾತ್ರ ವಿಷವೂ ಆಗಬಹುದಲ್ಲ? 1891ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಗುಟ್‌ಮನ್ ಜೊತೆ ಸೇರಿ ಇಬ್ಬರು ಮಲೇರಿಯಾ ರೋಗಿಗಳಿಗೆ ಅದೇ ನೀಲಿಯನ್ನು ಕೊಟ್ಟರು. ಇಬ್ಬರೂ ಗುಣವಾದರು. ನೋಡಲು ಬಳಸಿದ ವಸ್ತುವೇ ಮದ್ದೂ ಆಯಿತು. ಥೆರಾನಾಸ್ಟಿಕ್ಸ್‌ನ ಮೂಲ ಯೋಚನೆ ಇಲ್ಲಿದೆ.

ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಡೌನಿ ರೋಗಕ್ಕೆ ಎಣ್ಣೆ ಹೊಡೆಯುವಾಗ ಬೂಜು ಸಾಯಬೇಕು, ಎಲೆ ಸುಡಬಾರದು. ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಬಳ್ಳಿಗೇ ಪೆಟ್ಟು. ರೋಗಕ್ಕೆ ಮಾತ್ರ ತಾಗುವ ಇಂಥ ಮದ್ದನ್ನು ಎರ್ಲಿಕ್ ಮಾಯದ ಗುಂಡು ಎಂದು ಕಲ್ಪಿಸಿಕೊಂಡರು. ರಾಸಾಯನಿಕದಿಂದ ಮಾಡುವ ಚಿಕಿತ್ಸೆಗೆ ಕಿಮೋಥೆರಪಿ ಎಂದು ಹೆಸರಿಟ್ಟವರೂ ಅವರೇ.

606ರ ಕಥೆ

1899ರಲ್ಲಿ ಎರ್ಲಿಕ್ ಫ್ರಾಂಕ್‌ಫರ್ಟ್‌ನ ಹೊಸ ಸಂಸ್ಥೆಯ ಮುಖ್ಯಸ್ಥರಾದರು. ರೋಗನಿರೋಧಕ ಶಕ್ತಿಯ ಅಧ್ಯಯನಕ್ಕಾಗಿ 1908ರಲ್ಲಿ ಇಲ್ಯಾ ಮೆಚ್ನಿಕಾಫ್ ಜೊತೆ ನೊಬೆಲ್ ಹಂಚಿಕೊಂಡರು. ಆ ಹೊತ್ತಿಗೆ ಅವರ ತಂಡ ಆರ್ಸೆನಿಕ್‌ನ ನೂರಾರು ಸಂಯುಕ್ತಗಳನ್ನು ಪರೀಕ್ಷಿಸುತ್ತಿತ್ತು. 606 ಎಂಬ ಸಂಖ್ಯೆಯ ವಸ್ತುವನ್ನು ಮೊದಲು ಕೆಲಸಕ್ಕೆ ಬಾರದ್ದೆಂದು ಬದಿಗಿಡಲಾಗಿತ್ತು. 1909ರಲ್ಲಿ ಜಪಾನಿನ ಸಹಾಚಿರೋ ಹಾಟಾ ಅದನ್ನು ಸಿಫಿಲಿಸ್ ತಗುಲಿದ ಮೊಲಗಳ ಮೇಲೆ ಮತ್ತೆ ಪರೀಕ್ಷಿಸಿದರು. ಮೊಲಗಳು ಗುಣವಾದವು.

1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದೇ ವರ್ಷ ನಮ್ಮ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಿದರು, ಆ ಸಂಸ್ಥೆಯ ವೈದ್ಯಕೀಯ ಕಾಲೇಜು ಇಂದು ಊರಿನಲ್ಲಿದೆ.

ಸಾಲ್ವರ್ಸಾನ್ ಸಾವಿರಾರು ಜನರನ್ನು ಉಳಿಸಿತು. ಆದರೆ ಅದು ಮಾಯದ ಗುಂಡಾಗಿರಲಿಲ್ಲ. ಗಾಳಿ ತಾಗಿದರೆ ಕೆಡುತ್ತಿತ್ತು, ಬೆರೆಸುವಾಗ ತಪ್ಪಿದರೆ ಅಪಾಯವಾಗುತ್ತಿತ್ತು, ಕೆಲವರು ಸತ್ತರು ಕೂಡ. ಎರ್ಲಿಕ್ ಮೇಲೆ ಆರೋಪಗಳ ಮಳೆ ಸುರಿಯಿತು. ಅವರು ಕೆಲಸ ನಿಲ್ಲಿಸದೆ 1912ರಲ್ಲಿ 914 ಸಂಖ್ಯೆಯ, ಬಳಸಲು ಸುಲಭವಾದ ಮದ್ದನ್ನು ತಂದರು. 1914ರಲ್ಲಿ ನ್ಯಾಯಾಲಯದಲ್ಲಿ ಸಾಕ್ಷಿಯನ್ನೂ ಹೇಳಬೇಕಾಯಿತು. 1915ರ ಆಗಸ್ಟ್ 20ರಂದು ತೀರಿಕೊಂಡರು.

ಇನ್ನೊಂದು ಸಂಗತಿ ಅಷ್ಟಾಗಿ ಜನರಿಗೆ ತಿಳಿದಿಲ್ಲ. ಇಲಿಗಳ ಗಡ್ಡೆಗಳ ಮೇಲೆ ಎರ್ಲಿಕ್ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಕ್ಯಾನ್ಸರ್‌ಗೆ ಮದ್ದು ಸಿಗಲಿಲ್ಲ. ರೋಗಾಣು ಹೊರಗಿನಿಂದ ಬಂದದ್ದು. ಕ್ಯಾನ್ಸರ್ ಕೋಶ ನಮ್ಮದೇ ಕೋಶ ದಾರಿ ತಪ್ಪಿದ್ದು. ಎರಡಕ್ಕೂ ಇರುವ ವ್ಯತ್ಯಾಸ ಬಹಳ ಸಣ್ಣದು.

ನ್ಯಾನೋ ಕಣ ಏನು ಮಾಡುತ್ತದೆ?

ನ್ಯಾನೋ ಕಣ ಎಂದರೆ ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ್ದು. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಕಬ್ಬಿಣದ ಆಕ್ಸೈಡ್ ಕಣಗಳು ಎಂ.ಆರ್.ಐ. ಚಿತ್ರದಲ್ಲಿ ಕಾಣುತ್ತವೆ, ವೇಗವಾಗಿ ದಿಕ್ಕು ಬದಲಿಸುವ ಕಾಂತಕ್ಷೇತ್ರದಲ್ಲಿಟ್ಟರೆ ಬಿಸಿಯಾಗುತ್ತವೆ. ಚಿನ್ನದ ಕಣಗಳು ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣುತ್ತವೆ, ಕೆಲವು ಬಗೆಯವು ಬೆಳಕನ್ನು ಹೀರಿ ಕಾಯುತ್ತವೆ. ಆ ಬಿಸಿಯಿಂದ ಸುತ್ತಲಿನ ಕೋಶ ಸಾಯುತ್ತದೆ. ಕಣದೊಳಗೆ ಕಿಮೋ ಔಷಧ ತುಂಬಿಯೂ ಕಳಿಸಬಹುದು. ಕೊಬ್ಬಿನ ಸಣ್ಣ ಗುಳ್ಳೆಯಲ್ಲಿ ತುಂಬಿದ ಡಾಕ್ಸೋರುಬಿಸಿನ್‌ಗೆ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಸಿಕ್ಕಿತು. ಅದರಿಂದ ಹೃದಯಕ್ಕೆ ಆಗುವ ಹಾನಿ ಕಡಿಮೆ. ಆದರೆ ಅದು ಮದ್ದು ಮಾತ್ರ, ಚಿತ್ರ ತೋರಿಸುವುದಿಲ್ಲ.

ಹಾಗಾದರೆ ತಡವೇಕೆ? ಎರ್ಲಿಕ್ ಕಾಲದ ತೊಡಕೇ ಇಲ್ಲಿಯೂ ಇದೆ. ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿದಾಗ ಬೇರೆ ಅಂಗಗಳು ಬಣ್ಣ ಹೀರಿದರೂ ಮೆದುಳು ಹೀರದೆ ಉಳಿದದ್ದನ್ನು ಅವರು 1885ರಲ್ಲೇ ಗಮನಿಸಿದ್ದರು. ದೇಹದಲ್ಲಿ ಹಲವು ಗೋಡೆಗಳಿವೆ, ಕಾವಲಿದೆ. ನ್ಯಾನೋ ಕಣಗಳನ್ನು ಯಕೃತ್ತು ಮತ್ತು ಗುಲ್ಮ ಹಿಡಿದು ಹಾಕುತ್ತವೆ. ಪ್ರಾಣಿಗಳ ಮೇಲಿನ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆಯನ್ನು ಮುಟ್ಟಿದ್ದು ಮಧ್ಯಮ ಲೆಕ್ಕದಲ್ಲಿ ಶೇ. 0.7 ಮಾತ್ರ.

ನೋಡುವುದು, ಕೊಲ್ಲುವುದು ಎರಡನ್ನೂ ಮಾಡುವ ಚಿಕಿತ್ಸೆ ಈಗಾಗಲೇ ಇಲ್ಲವೆಂದಲ್ಲ. ಥೈರಾಯ್ಡ್ ಕ್ಯಾನ್ಸರ್‌ಗೆ ಕೊಡುವ ವಿಕಿರಣ ಅಯೋಡಿನ್ ಅಂಥದ್ದು. ಅದರ ಬೀಟಾ ಕಿರಣ ಕೋಶವನ್ನು ಕೊಲ್ಲುತ್ತದೆ, ಗಾಮಾ ಕಿರಣ ಹೊರಗಿನ ಕ್ಯಾಮೆರಾಗೆ ಕಾಣುತ್ತದೆ. ಅದು ನ್ಯಾನೋ ಕಣವಲ್ಲ. ಥೈರಾಯ್ಡ್ ತಾನಾಗಿಯೇ ಅಯೋಡಿನ್ ಎಳೆದುಕೊಳ್ಳುವುದರಿಂದ ಅದು ಫಲಿಸುತ್ತದೆ. ಎಲ್ಲ ಗಡ್ಡೆಗಳಿಗೂ ಇಂಥ ಹಸಿವು ಇರುವುದಿಲ್ಲ.

ಮನೆಯವರು ಏನು ಕೇಳಬೇಕು?

ಚಿನ್ನದ ನ್ಯಾನೋ ಪುಡಿ, ಅಡ್ಡಪರಿಣಾಮವಿಲ್ಲದ ನ್ಯಾನೋ ಹನಿ ಎಂದು ಯಾರಾದರೂ ಮಾರಿದರೆ ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಇದಕ್ಕೆ ಸರ್ಕಾರದ ಔಷಧ ನಿಯಂತ್ರಕರ ಅನುಮತಿ ಇದೆಯೇ? ನಮ್ಮವರಿಗಿರುವ ಇದೇ ಬಗೆಯ ಕ್ಯಾನ್ಸರ್‌ನಲ್ಲಿ, ಮನುಷ್ಯರ ಮೇಲೆ ಪರೀಕ್ಷೆಯಾಗಿದೆಯೇ? ಪ್ರಯೋಗ ಎನ್ನುವುದಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದರ ಸಂಖ್ಯೆ ಏನು? ಆ ಪಟ್ಟಿಯನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು. ಉತ್ತರ ಸಿಗದಿದ್ದರೆ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಡಿ. ಕ್ಯಾನ್ಸರ್‌ನಲ್ಲಿ ಕಳೆದುಹೋದ ತಿಂಗಳುಗಳು ಮರಳಿ ಬರುವುದಿಲ್ಲ.

ಎರ್ಲಿಕ್ ತಮ್ಮ ಮದ್ದಿನ ಸುಮಾರು 65,000 ಡೋಸ್‌ಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ, ಒಳ್ಳೆಯ ಫಲ, ಕೆಟ್ಟ ಫಲ ಎರಡರ ವರದಿಯನ್ನೂ ಕೇಳಿ ತರಿಸಿಕೊಂಡ ನಂತರವೇ ಅದನ್ನು ಮಾರಾಟಕ್ಕೆ ಬಿಟ್ಟರು. ನ್ಯಾನೋ ಮದ್ದನ್ನೂ ನಾವು ಅದೇ ಅಳತೆಗೋಲಿನಿಂದ ಅಳೆಯೋಣ.